ಅಪ್ಪಯ್ಯನ ಕೊಡೆ ಮತ್ತು ನೀಲಗಿರಿ ಕಾಡು: ಅಡಿಲೇಡ್‌ನಲ್ಲಿ ನಡೆದಾಡಿದ ಮೂರು ದಿನ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋಗಿದ್ದು ಟ್ರೆಕ್ಕಿಂಗ್ ಮಾಡೋಕಲ್ಲ, ಅಕ್ಕನ ಮನೆಗೆ. ಎಂಟು ವರ್ಷದಿಂದ ಕರೀತಿದ್ಲು. ಅಪ್ಪಯ್ಯ ಪ್ರತಿ ಸಲ "ತೋಟ ಯಾರು ನೋಡ್ತಾರೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋರು. ಈ ಸಲ ಅಡಿಕೆಗೆ ಎರಡನೇ ಔಷಧಿ ಹೊಡೆಸಿ ಮುಗಿಸಿ, ಕೊನೆ (ಅಡಿಕೆ ಗೊನೆ) ಕೊಯ್ಲಿಗೆ ಇನ್ನೂ ಟೈಮ್ ಇದೆ ಅನ್ನೋ ಗ್ಯಾಪ್ ನೋಡಿ ಹೊರಡಿಸಿದ್ವಿ. ವೀಸಾ, ಟಿಕೆಟ್, ಸಿಂಗಾಪುರದಲ್ಲಿ ಆರು ಗಂಟೆ ಕಾದಿದ್ದು ಎಲ್ಲ ಬಿಡಿ, ಅದರಲ್ಲಿ ಹೇಳೋವಂಥದ್ದು ಏನೂ ಇಲ್ಲ.

ಒಂದನ್ನ ಮಾತ್ರ ಹೇಳ್ಬೇಕು. ಇಳಿಯೋ ಮೊದಲು ಒಂದು ಕಾರ್ಡ್ ಕೊಡ್ತಾರೆ, ಅದರಲ್ಲಿ ಕಳೆದ 30 ದಿನದಲ್ಲಿ ಯಾವುದಾದ್ರೂ ಫಾರ್ಮ್‌ಗೆ ಹೋಗಿದ್ರಾ ಅಂತ ಕೇಳಿರ್ತಾರೆ. ಅಪ್ಪಯ್ಯ "ಹೋಗಿದ್ರಾ ಅಂದ್ರೆ? ನಾನು ಇರೋದೇ ತೋಟದಲ್ಲಿ" ಅಂತ ಹೌದು ಅಂತಲೇ ಟಿಕ್ ಹಾಕಿಸಿದ್ರು. ಅಲ್ಲೊಬ್ಬ ಹುಡುಗ ಬಂದು ಇವರ ಶೂ ಬಿಚ್ಚಿಸಿ ಸೋಲ್ ತಿರುಗಿಸಿ ನೋಡಿದ. ಪುಣ್ಯಕ್ಕೆ ಹೊಸ ಶೂ, ಬಾಟಾ ಡಬ್ಬದಿಂದ ಸೀದಾ ಬಂದಿದ್ದು. ಎಲೆ ಅಡಿಕೆ ತರೋ ಸಾಹಸ ಮಾಡ್ಲೇಬೇಡಿ ಅಂತ ಅಕ್ಕ ಮೊದಲೇ ಫೋನಲ್ಲಿ ಹೇಳಿದ್ಲು, ಹಾಗಾಗಿ ಮೂರು ವಾರ ಕವಳ ಇಲ್ಲದೆ ಇದ್ರು ಪಾಪ, ಆ ಸಿಟ್ಟೂ ಒಳಗೆ ಇತ್ತು.

ಅಪ್ಪಯ್ಯನಿಗೆ 72, ಎಡಗಾಲಿನ ಮಂಡಿ ಸರಿ ಇಲ್ಲ. ಅಕ್ಕನ ಮಗಳಿಗೆ 6. ಅದಕ್ಕೇ ಭಾವ ಮೊದಲೇ ಕಂಡೀಷನ್ ಹಾಕಿದ್ರು, ಏರು ಇರೋ ದಾರಿ ಬೇಡ, ಅರ್ಧ ದಿನಕ್ಕಿಂತ ಜಾಸ್ತಿ ಬೇಡ, ಊಟ ನಮ್ದೇ.

ಶನಿವಾರ, ಮೊರಿಯಾಲ್ಟಾ

ಮೊರಿಯಾಲ್ಟಾ ಕನ್ಸರ್ವೇಶನ್ ಪಾರ್ಕ್ ಅಂದ್ರೆ ಸಿಟಿಯಿಂದ ಸುಮಾರು 10 ಕಿಲೋಮೀಟರ್ ಅಷ್ಟೇ. ಮನೆಗಳ ಸಾಲು ಮುಗೀತಿದ್ದಂಗೇ ಬೆಟ್ಟ ಶುರು. ಕಾಡು ಅಂತ ನಾನು ಅಂದಿದ್ದಕ್ಕೆ ಭಾವ "ಇಲ್ಲಿ ಇದಕ್ಕೆ ಬುಷ್ ಅಂತಾರೆ ಮಾರಾಯ" ಅಂದ್ರು. ನಿಜಕ್ಕೂ ನಮ್ಮ ಕಾಡಿನ ಥರ ಕತ್ತಲೆ ಇಲ್ಲ, ಮರಗಳ ಮಧ್ಯೆ ಆಕಾಶ ಕಾಣ್ತದೆ, ನೆಲ ಒಣಗಿದ ಹಂಗಿರ್ತದೆ, ಜಿಗಣೆ ಇಲ್ಲ! ಪ್ರವೇಶಕ್ಕೆ ಟಿಕೆಟ್ ಇಲ್ಲ. ಆದ್ರೆ ಹತ್ತು ಗಂಟೆ ಒಳಗೆ ಹೋಗಿಬಿಡಿ, ವೀಕೆಂಡ್‌ನಲ್ಲಿ ಕಾರು ನಿಲ್ಸೋಕೆ ಜಾಗ ಸಿಗಲ್ಲ. ನಾವು ಹತ್ತೂಕಾಲಿಗೆ ಹೋಗಿ ಮೂರು ರೌಂಡ್ ಹೊಡೆದ್ವಿ.

ಅಪ್ಪಯ್ಯ ಕಾರಿಂದ ಇಳಿದವರು ಮೊದಲು ಕೊಡೆ ತಗೊಂಡ್ರು. ಬಿದಿರಿನ ಹಿಡಿಕೆಯ ಕರಿ ಕೊಡೆ, ಊರಿಂದ ತಂದಿದ್ದು. ಬೆಳಗ್ಗೆ ಮೋಡವೇ ಇರಲಿಲ್ಲ. "ಅಜ್ಜ, ಇವತ್ತು ರೇನ್ ಇಲ್ಲ, ಆ್ಯಪಲ್ಲಿ ಹೇಳಿದೆ" ಅಂತ ಪುಟ್ಟಿ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅಕ್ಕನಿಗೆ ಒಳಗೊಳಗೇ ನಾಚಿಕೆ, ಸುತ್ತ ಎಲ್ಲ ಟೈಟ್ ಪ್ಯಾಂಟು ಸ್ಪೋರ್ಟ್ಸ್ ಶೂ ಹಾಕ್ಕೊಂಡ ಜನ, ಮಧ್ಯದಲ್ಲಿ ನಮ್ಮ ಅಪ್ಪಯ್ಯ ಸ್ವೆಟರ್, ಮಫ್ಲರ್, ಕೊಡೆ.

ಬಾಗಿಲಲ್ಲೇ ಮುಕಾಂತಿ ಅಂತ ಮಕ್ಕಳು ಆಡೋ ಜಾಗ ಇದೆ, ಬಂಡೆ, ಹಗ್ಗ, ದೊಡ್ಡ ಹಕ್ಕಿಗೂಡಿನ ಥರ ಏನೋ ಕಟ್ಟಿದ್ದಾರೆ. ಪುಟ್ಟಿ ಅಲ್ಲೇ ಒಂದು ಗಂಟೆ ತಿಂದ್ಲು. ಮಕ್ಕಳನ್ನ ಕರ್ಕೊಂಡು ಹೋಗೋರು ನಡೆದು ಬಂದ ಮೇಲೆ ಇಲ್ಲಿಗೆ ಬಿಡಿ, ಮೊದಲೇ ಬಿಟ್ರೆ ಆಮೇಲೆ ಎತ್ಕೊಂಡೇ ನಡೀಬೇಕು. ನಾನು ಎತ್ಕೊಂಡಿದ್ದೆ.

ಫಸ್ಟ್ ಫಾಲ್ಸ್‌ಗೆ ಹೋಗೋ ದಾರಿ ಹೋಗಿ ಬಂದು ಸುಮಾರು 2 ಕಿಲೋಮೀಟರ್. ಫೋರ್ತ್ ಕ್ರೀಕ್ ಅನ್ನೋ ಹಳ್ಳದ ಪಕ್ಕದಲ್ಲೇ ಅಗಲವಾಗಿ ಚಪ್ಪಟೆಯಾಗಿ ಹೋಗ್ತದೆ, ಅಲ್ಲಲ್ಲಿ ಚಿಕ್ಕ ಸೇತುವೆ, ಕೂರೋಕೆ ಬೆಂಚು. ಪ್ರ್ಯಾಮ್ ತಳ್ಕೊಂಡು ಬಂದೋರು ಎಷ್ಟೋ ಜನ. ಮೊರಿಯಾಲ್ಟಾ ಅನ್ನೋ ಹೆಸರು ಇಲ್ಲಿನ ಮೂಲ ಜನ ಕೌರ್ನಾ ಅವರ ಭಾಷೇದು, ಪೂರ್ವ ಮತ್ತು ಹರಿಯೋ ನೀರು ಅನ್ನೋ ಅರ್ಥದ ಎರಡು ಮಾತು ಸೇರಿ ಆಗಿದ್ದು ಅಂತಾರೆ. ಸಿಟಿಯಿಂದ ನೋಡಿದ್ರೆ ಪೂರ್ವವೇ, ನೀರೂ ಹರೀತಿತ್ತು. ಜನವರಿಯಲ್ಲಿ ಬಂದ್ರೆ ಮಾತ್ರ ಬರೀ ಬಂಡೆ ನೋಡಿ ವಾಪಸ್ ಬರ್ಬೇಕು, ಇಲ್ಲಿ ಮಳೆಗಾಲ ಅಂದ್ರೆ ಚಳಿಗಾಲ, ಜೂನಿಂದ ಸೆಪ್ಟೆಂಬರ್. ಬೇಸಿಗೇಲಿ ಬೆಂಕಿ ಭಯ ಬೇರೆ, ಅಪಾಯ ತೀರಾ ಜಾಸ್ತಿ ಅಂತ ಘೋಷಣೆ ಮಾಡಿದ ದಿನ ಪಾರ್ಕೇ ಮುಚ್ಚಿಬಿಡ್ತಾರೆ, ಹೊರಡೋ ಮೊದಲು ನೋಡ್ಕೊಂಡು ಹೊರಡಬೇಕು.

ನಡೀತಾ ನಡೀತಾ ಅಪ್ಪಯ್ಯ ಒಂದು ಕಡೆ ನಿಂತ್ರು. ಒಂದು ಎಲೆ ಹೆಕ್ಕಿ ಮುರಿದು ಮೂಸಿದ್ರು.

"ಇದು ನೀಲಗಿರಿ ಅಲ್ವನೋ?"

ಹೌದು, ಸುತ್ತ ಇದ್ದಿದ್ದೆಲ್ಲ ಅದೇ. ಶೀತ ಆದಾಗ ಅಮ್ಮ ಬಿಸಿನೀರಿಗೆ ಎರಡು ಹನಿ ಹಾಕಿ ಕಂಬಳಿ ಹೊದೆಸಿ ಕೂರಿಸ್ತಿದ್ಲಲ್ಲ, ಇಡೀ ಕಣಿವೆಗೆ ಅದೇ ವಾಸನೆ. ಆದ್ರೆ ಮರ ನೋಡಿದ್ರೆ ನೀಲಗಿರಿ ಅಂತ ಹೇಳೋಕೇ ಆಗಲ್ಲ. ಹಳ್ಳದ ದಂಡೇಲಿರೋ ರೆಡ್ ಗಮ್ ಅನ್ನೋವು ನಮ್ಮ ಊರಿನ ಹಳೇ ಆಲದ ಮರದಷ್ಟು ದಪ್ಪ, ನಾವು ಮೂರು ಜನ ಕೈ ಹಿಡ್ಕೊಂಡ್ರೂ ತಬ್ಬೋಕಾಗಲ್ಲ, ಮೈಯೆಲ್ಲ ಗಂಟು, ತೊಗಟೆ ಹಾಳೆಹಾಳೆಯಾಗಿ ಕಳಚಿ ಒಳಗೆ ಬಿಳಿ, ಬೂದಿ, ಒಂಚೂರು ಗುಲಾಬಿ. ಒಂದೊಂದು ಕೊಂಬೆಗೂ ಪೊಟರೆ, ಆ ಪೊಟರೆಯಿಂದ ಗಿಳಿ ತಲೆ ಹಾಕಿ ನೋಡ್ತಿತ್ತು.

ನಮ್ಮ ಕಡೆ ನೀಲಗಿರಿ ಅಂದ್ರೆ ಬೈಗುಳ. ಟಿಪ್ಪು 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಹಾಕಿಸಿದ್ದು ಮೊದಲು ಅಂತಾರೆ, ಆಮೇಲೆ ಕಾಗದಕ್ಕೆ ಅಂತ ಗುಡ್ಡಗುಡ್ಡವೇ ನೆಟ್ರು, ಬಾವಿ ಬತ್ತಿತು ಅಂತ ಜನ ಗಲಾಟೆ ಮಾಡಿದ್ರು, 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧ ಮಾಡ್ತು. ನೆಡುತೋಪಲ್ಲಿ ಏಳೆಂಟು ವರ್ಷಕ್ಕೆ ಕಡಿದು ಲಾರಿಗೆ ಹಾಕ್ತಾರೆ, ಕೋಲಿನ ಥರ ಇರ್ತದೆ, ಅದರ ಕೆಳಗೆ ಹುಲ್ಲೂ ಬೆಳೆಯಲ್ಲ ಹಕ್ಕಿಯೂ ಕೂರಲ್ಲ.

ಅಪ್ಪಯ್ಯ ಆ ಮರದ ಬುಡದಲ್ಲಿ ಐದು ನಿಮಿಷ ನಿಂತಿದ್ರು. ಆಮೇಲೆ "ನಾವು ಇದನ್ನ ಮುದುಕ ಆಗೋಕೇ ಬಿಟ್ಟಿಲ್ಲ ನೋಡು" ಅಂದ್ರು.

ದಾರಿ ಮಧ್ಯ ಜೈಂಟ್ಸ್ ಕೇವ್ ಅಂತ ಒಂದು ಗುಹೆಗೆ ಮೆಟ್ಟಿಲು ಏರಿ ಹೋಗ್ಬೇಕು, ಮಂಡಿ ನೋವಿನವರಿಗೆ ಬೇಡ. ಅಪ್ಪಯ್ಯ, ಅಕ್ಕ, ಪುಟ್ಟಿ ಮೂವರನ್ನೂ ಬೆಂಚಲ್ಲಿ ಕೂರಿಸಿ ನಾನು ಭಾವ ಹೋಗಿ ಬಂದ್ವಿ. ಗುಹೆ ಅಂದ್ರೆ ಗುಹೆ, ಫೋಟೋ ತಗೊಂಡ್ವಿ. ವಾಪಸ್ ಬಂದ್ರೆ ಇವರು ಮೂವರೂ ಮುಖ ಊದಿಸ್ಕೊಂಡು ನಗು ತಡ್ಕೊಂಡು ಕೂತಿದ್ದಾರೆ. ಏನಂದ್ರೆ ನಾವು ಅತ್ಲಾಗೆ ಹೋಗ್ತಿದ್ದಂಗೇ ಒಂದು ಕೋಲಾ, ಅದೇ ಕರಡಿಮರಿ ಥರದ ಪ್ರಾಣಿ, ಮರದಿಂದ ಇಳಿದು, ಇವರ ಮುಂದೆ ದಾರಿ ದಾಟಿ, ನಿಧಾನಕ್ಕೆ ಆಚೆ ಮರ ಹತ್ತಿ ಹೋಯ್ತಂತೆ. ನಾನು ಅಷ್ಟು ದೂರದಿಂದ ಬಂದಿದ್ದೇ ಅದನ್ನ ನೋಡೋಕೆ! ತುದೀಲಿ ಒಂದು ಬೂದಿ ಉಂಡೆ ತೋರ್ಸಿದ್ರು, ಕೋಲಾನೋ ಗೆದ್ದಲು ಗೂಡೋ ಗೊತ್ತಾಗ್ಲಿಲ್ಲ. "ನಮ್ಮನೆ ಮುದಿ ಬೆಕ್ಕಿನ ನಡಿಗೆಯೇ" ಅಂತ ಅಪ್ಪಯ್ಯ ವರ್ಣನೆ ಬೇರೆ ಕೊಟ್ರು.

ಫಾಲ್ಸ್ ಎದುರು ಹೋದಾಗ ಏನಾಗ್ತದೆ ಅಂತ ಗೊತ್ತಿತ್ತು. ಜೋಗದಿಂದ ಬಸ್ಸಲ್ಲಿ ಒಂದು ಗಂಟೆ ದೂರದಲ್ಲಿ ಹುಟ್ಟಿ ಬೆಳೆದವರು, 253 ಮೀಟರ್ ನೋಡಿದ ಕಣ್ಣು. ಕೆಂಪು ಬಂಡೆ ಗೋಡೆ, ಅದರ ಮೇಲಿಂದ ಬಿಳಿ ದಾರದ ಥರ ನೀರು, ಕೆಳಗೆ ಕೆರೆ. ಅಪ್ಪಯ್ಯ ನೋಡಿದ್ರು. "ಚೆನ್ನಾಗಿದೆ. ನಮ್ಮ ಅಬ್ಬಿನೀರಿನಷ್ಟು ಬರ್ತದೆ" ಅಂದ್ರು, ಅಂದ್ರೆ ಗುಡ್ಡದಿಂದ ಮನೆಗೆ ಹರಿದು ಬರೋ ನೀರಿನಷ್ಟು. ಅಡಿಲೇಡ್‌ಗೆ ವರ್ಷಕ್ಕೆ ಬೀಳೋದೇ ಸುಮಾರು 550 ಮಿಲಿಮೀಟರ್, ನಮಗೆ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ, ಹೋಲಿಕೆ ಮಾಡಿದ್ದೇ ತಪ್ಪು.

ಅಲ್ಲೇ ಅಕ್ಕ ಡಬ್ಬಿ ಬಿಚ್ಚಿದ್ಲು. ಚಿತ್ರಾನ್ನ, ಮೊಸರನ್ನ, ಜೊತೆಗೆ ಅಪ್ಪೆಮಿಡಿ (ಇದು ಸೀಲ್ ಇರೋ ಪ್ಯಾಕೆಟ್, ಡಿಕ್ಲೇರ್ ಮಾಡಿ ತಂದಿದ್ದು). ತಿಂತಿರೋವಾಗ ಮೇಲಿಂದ ಯಾರೋ ಕುಡಿದವರು ಗುಂಪಾಗಿ ನಕ್ಕ ಹಂಗೆ ಕೇಳ್ತು, ಕುಕಬರಾ. ನಮ್ಮ ಮಿಂಚುಳ್ಳಿ ಜಾತೀದೇ, ಆದ್ರೆ ಗಾತ್ರ ಕಾಗೆಯಷ್ಟು, ಮೀನಿನ ಹಂಗೂ ಇಲ್ಲ.

ವಾಪಸ್ ಬರೋವಾಗ ನಡೆದಿದ್ದು ಮುಖ್ಯ ಘಟನೆ. ಪಾರ್ಕಿಂಗ್ ಹತ್ರ ಬಯಲಲ್ಲಿ ನಾನು ಮುಂದೆ ಹೋಗ್ತಿದ್ದೆ, ಕಿವಿ ಪಕ್ಕದಲ್ಲೇ ಫಟ್ ಅಂತ ಸದ್ದು, ತಲೆ ಮೇಲೆ ಏನೋ ಉಜ್ಜಿಕೊಂಡು ಹೋಯ್ತು. ಮ್ಯಾಗ್‌ಪೈ! ಕಪ್ಪು ಬಿಳಿ ಹಕ್ಕಿ, ಕಾಗೆಯಷ್ಟು. ಇದು ಗೂಡು ಕಟ್ಟೋ ಕಾಲ, ಆಗಸ್ಟಿಂದ ಅಕ್ಟೋಬರ್‌ವರೆಗೆ ಕೆಲವು ಗಂಡು ಹಕ್ಕಿಗಳು ದಾರಿಯಲ್ಲಿ ಹೋಗೋರ ಮೇಲೆ ಎರಗ್ತವೆ, ಸೈಕಲ್ಲಿನವರು ಹೆಲ್ಮೆಟ್‌ಗೆ ಮುಳ್ಳಿನ ಥರ ಕೇಬಲ್ ಟೈ ಕಟ್ಕೊಂಡು ಓಡಾಡ್ತಾರೆ. ಭಾವ ಹಿಂದಿನಿಂದ "ಓಡ್ಬೇಡ, ಅದರ ಕಡೆ ನೋಡ್ತಾ ನಡಿ" ಅಂತ ಕೂಗ್ತಿದ್ರು, ನಾನು ಓಡಿದೆ. ಎರಡನೇ ಸಲ ಬಂತು. ಆಗ ಪಟಾರ್ ಅಂತ ಕೊಡೆ ಬಿಚ್ಚಿದ ಸದ್ದು. ಅಪ್ಪಯ್ಯ ಪುಟ್ಟೀನ ಕಂಕುಳಲ್ಲಿ ಎಳ್ಕೊಂಡು ಕೊಡೆ ಅಡಿಯಲ್ಲಿ ಮೆರವಣಿಗೆ ಹೊರಟಂಗೆ ಬರ್ತಿದ್ದಾರೆ, ಹಕ್ಕಿ ಎರಡು ಸುತ್ತು ಹಾಕಿ ವಾಪಸ್ ಮರಕ್ಕೆ ಹೋಯ್ತು. ಅಲ್ಲಿದ್ದ ಒಬ್ಬ ಅಜ್ಜ ಟೋಪಿ ತೆಗೆದು ಅಪ್ಪಯ್ಯನಿಗೆ ಸಲಾಂ ಹೊಡೆದ. ಆಮೇಲೆ ಕೊಡೆ ಬಗ್ಗೆ ಮನೇಲಿ ಯಾರೂ ಸೊಲ್ಲೆತ್ತಲಿಲ್ಲ.

ಭಾನುವಾರ, ಬ್ಲ್ಯಾಕ್ ಹಿಲ್

ಇದು ಮೊರಿಯಾಲ್ಟಾಗೆ ತಾಗಿಕೊಂಡೇ ಇರೋ ಇನ್ನೊಂದು ಕನ್ಸರ್ವೇಶನ್ ಪಾರ್ಕ್. ತುದಿವರೆಗೆ ಹೋಗೋ ದಾರಿ ಕಡಿದು, ನಾವು ಬುಡದಲ್ಲಿರೋ ವೈಲ್ಡ್‌ಫ್ಲವರ್ ಗಾರ್ಡನ್ ಸುತ್ತ ಮಾತ್ರ ನಡೆದ್ವಿ. ಜನ ಕಮ್ಮಿ. ರಾತ್ರಿ ಮಳೆ ಬಂದು ನಿಂತಿತ್ತು, ಬೆಳಗ್ಗೆ 12 ಡಿಗ್ರಿ, ಕೈ ಜೇಬಿಂದ ಹೊರಗೆ ಬರ್ತಿರಲಿಲ್ಲ.

ದಾರಿ ಶುರುವಲ್ಲಿ ಒಂದು ಸ್ಟ್ಯಾಂಡ್, ಅದರಲ್ಲಿ ಬ್ರಷ್, ಒಂದು ಬಾಟಲ್ ದ್ರಾವಣ. ಶೂ ಸೋಲಿನ ಮಣ್ಣು ಉಜ್ಜಿ, ದ್ರಾವಣ ಹೊಡೆದು ಒಳಗೆ ಹೋಗಿ ಅಂತ ಬೋರ್ಡು. ಯಾಕೆ ಅಂತ ಅಪ್ಪಯ್ಯ ಕೇಳಿದ್ರು. ನಾನು ಬೋರ್ಡ್ ಓದ್ತಾ ಓದ್ತಾ ಒಂದು ಶಬ್ದದ ಹತ್ರ ನಿಂತುಬಿಟ್ಟೆ. ಫೈಟೋಫ್ತೊರಾ.

"ಅಪ್ಪಯ್ಯ, ಇದು ನಮ್ಮ ಕೊಳೆ."

"ಏನು ಕೊಳೆ?"

"ಕೊಳೆರೋಗ. ಅದರ ದಾಯಾದಿ. ಇಲ್ಲಿ ಮಣ್ಣಲ್ಲಿದ್ದು ಬೇರು ಕೊಳೆಸ್ತದಂತೆ, ಶೂ ಮಣ್ಣಲ್ಲಿ ಅಂಟ್ಕೊಂಡು ಒಂದು ಕಾಡಿಂದ ಇನ್ನೊಂದಕ್ಕೆ ಹೋಗ್ತದಂತೆ."

ಅಡಿಕೆ ಬೆಳೆಯೋರ ಮನೇಲಿ ಹುಟ್ಟಿದವರಿಗೆ ಗೊತ್ತಿರ್ತದೆ ಈ ಹೆಸರು ಕೇಳಿದ್ರೆ ಹೊಟ್ಟೇಲಿ ಏನಾಗ್ತದೆ ಅಂತ. ಮಳೆಗಾಲದಲ್ಲಿ ಬಿಡದೆ ಹತ್ತು ದಿನ ಹೊಯ್ದರೆ ಸಾಕು, ಕಾಯಿ ಮೇಲೆ ನೀರು ಕುಡಿದ ಕಲೆ, ಆಮೇಲೆ ಬಿಳಿ ಬೂಸು, ಆಮೇಲೆ ಬುಡದಲ್ಲಿ ರಾಶಿ. ಕೊಳೆರೋಗ ಅನ್ನೋ ಕನ್ನಡ ಶಬ್ದ ಹಂಗೇ ಇಂಗ್ಲಿಷ್ ಸಸ್ಯರೋಗ ಪುಸ್ತಕಗಳಿಗೂ ಹೋಗಿದೆ, ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ಬರೆದ್ರು, ಬೋರ್ಡೋ (ಮೈಲುತುತ್ತು ಸುಣ್ಣದ ದ್ರಾವಣ) ಹೊಡೆಯೋದು ನಮ್ಮ ಕಡೆ ಹಬ್ಬಿದ್ದೂ ಅವರಿಂದ್ಲೇ. ನಮ್ಮಜ್ಜನ ಕಾಲದಲ್ಲಿ ಒಂದೊಂದು ಕೊನೆಗೂ ಕೊಟ್ಟೆ (ಮಳೆ ತಾಗದ ಹಂಗೆ ಹೊದಿಕೆ) ಕಟ್ಟೋರಂತೆ, ಈಗ ಅದನ್ನ ಕಟ್ಟೋಕೆ ಜನವೂ ಇಲ್ಲ.

ಅಪ್ಪಯ್ಯ ಒಂದು ಮಾತಾಡ್ಲಿಲ್ಲ. ಬೆಂಚಲ್ಲಿ ಕೂತು ಎರಡೂ ಶೂ ಬಿಚ್ಚಿ, ಸೋಲಿನ ಗೀರುಗೀರಲ್ಲಿ ಬ್ರಷ್ ಹಾಕಿ ಉಜ್ಜಿದ್ರು. ತಮ್ಮದು ಮುಗಿಸಿ ಪುಟ್ಟೀದು ಉಜ್ಜಿದ್ರು. ನಾನು ಸುಮ್ಮನೆ ಎರಡು ಸಲ ಕಾಲು ಒರೆಸಿ ಮುಂದೆ ಹೊರಟಿದ್ದೆ, ವಾಪಸ್ ಕರೆಸಿ ನಂದೂ ಉಜ್ಜಿಸಿದ್ರು. ಹಿಂದೆ ಬರ್ತಿದ್ದ ಇಬ್ಬರು ಹುಡುಗರು ಇವರನ್ನ ಪಾರ್ಕಿನ ಸ್ಟಾಫ್ ಅಂದ್ಕೊಂಡ್ರೋ ಏನೋ, ತಾವೂ ಸಾಲಲ್ಲಿ ನಿಂತು ಕಾಲು ಎತ್ತಿ ತೋರ್ಸಿದ್ರು.

ಈ ರೋಗಕ್ಕೆ ಮೊದಲು ಸಾಯೋದು ಯಕ್ಕಾ ಅನ್ನೋ ಗಿಡ, ಭಾವ ತೋರ್ಸಿದ್ರು. ಕರಿ ಕಾಂಡದ ಮೇಲೆ ಹುಲ್ಲಿನ ಜುಟ್ಟು, ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದ್ರೆ ಹೆಚ್ಚು. ಪುಟ್ಟಿ ಎತ್ತರದ್ದು ಅಂದ್ರೆ ಅಪ್ಪಯ್ಯನ ವಯಸ್ಸಿನದು ಅಂತ ಲೆಕ್ಕ.

ಬ್ಲ್ಯಾಕ್ ಹಿಲ್ ಕಪ್ಪಾಗಿ ಕಾಣೋದು ಶೀಓಕ್ ಮರದಿಂದ, ಮಳೆ ಬಂದ ಮೇಲೆ ಇನ್ನೂ ಕಪ್ಪು. ನೋಡಿದ ತಕ್ಷಣ ಅಕ್ಕನೇ "ಅಯ್ಯೋ, ಗಾಳಿ ಮರ!" ಅಂದ್ಲು. ಹೊನ್ನಾವರ ಕುಮಟಾ ಸಮುದ್ರದ ದಂಡೇಲಿ ಇರ್ತವಲ್ಲ, ಅದರದ್ದೇ ಕುಟುಂಬ, ಗಾಳಿ ಬಂದಾಗ ಅದೇ ಸುಯ್ ಅನ್ನೋ ಸದ್ದು. ಅದರಾಚೆ ಹಳದಿ ಹೂ ತುಂಬಿದ ಗಿಡ, ಗೋಲ್ಡನ್ ವಾಟಲ್, ಈ ದೇಶದ ರಾಷ್ಟ್ರೀಯ ಹೂವು, ಕ್ರಿಕೆಟ್ ಜೆರ್ಸಿಯ ಹಸಿರು ಹಳದಿ ಇದರದ್ದೇ ಬಣ್ಣ. ಹತ್ರ ಹೋಗಿ ನೋಡಿದ್ರೆ ಅದು ಅಕೇಶಿಯಾ! ನಮ್ಮ ರಸ್ತೆ ಪಕ್ಕದ ಅಕೇಶಿಯಾದ ಚಿಕ್ಕಪ್ಪನ ಮಗ. ಅಪ್ಪಯ್ಯ ನಕ್ಕುಬಿಟ್ರು. "ನಮ್ಮೂರಲ್ಲಿ ಯಾರ್ಯಾರನ್ನ ಬೈತೀವೋ ಅವರ ತವರುಮನೆಗೇ ಬಂದಂಗಾಯ್ತಲ್ಲೋ."

ತಿರುವಲ್ಲಿ ಒಬ್ರು ಹೆಂಗಸು, ಎಪ್ಪತ್ತರ ಹತ್ರ ವಯಸ್ಸು, ಕೈಗವಸು ಹಾಕ್ಕೊಂಡು ಮೊಣಕಾಲೂರಿ ಗರಗಸದಲ್ಲಿ ಒಂದು ಗಿಡ ಕೊಯ್ತಿದ್ರು. ಕೊಯ್ದ ಕೂಡ್ಲೇ ಪಕ್ಕದಲ್ಲಿದ್ದ ಡಬ್ಬಿಯಿಂದ ಬುಡಕ್ಕೆ ಏನೋ ಸವರಿದ್ರು. ಅಪ್ಪಯ್ಯನಿಗೆ ಅಷ್ಟು ಸಾಕಲ್ಲ, ಹೋಗಿ ನಿಂತೇಬಿಟ್ರು. ನಾನು ನಡುವೆ ದುಭಾಷಿ.

ಅದು ಆಲಿವ್ ಗಿಡ. ಬಿಳಿಯರು ಬಂದ ಹೊಸದರಲ್ಲಿ ಎಣ್ಣೆಗೆ ಅಂತ ನೆಟ್ಟಿದ್ದು, ಹಕ್ಕಿ ನರಿ ಹಣ್ಣು ತಿಂದು ಬೀಜ ಬೆಟ್ಟಕ್ಕೆಲ್ಲ ಹರಡಿ ಈಗ ಕೆಳಗಿನ ಗಿಡ ಏಳೋಕೇ ಬಿಡಲ್ಲ, ಬೆಂಕಿ ಬಿದ್ರೆ ಎಣ್ಣೆ ಇರೋದ್ರಿಂದ ಜೋರಾಗಿ ಉರೀತದೆ. ಅದಕ್ಕೆ ಇವರ ಥರ ವಾಲಂಟಿಯರ್ ಜನ ಬಂದು ಕಡೀತಾರೆ. ತಕ್ಷಣ ಔಷಧಿ ಹಚ್ಚದಿದ್ರೆ ಮತ್ತೆ ಚಿಗುರ್ತದೆ, "ಹಠಮಾರಿ" ಅಂದ್ರು. ಅವರ ಅಮ್ಮ ಇಟಲಿಯಿಂದ ಬಂದವರಂತೆ, ಚಿಕ್ಕವರಿದ್ದಾಗ ಇದೇ ಬೆಟ್ಟದ ಬುಡದಿಂದ ಇದೇ ಆಲಿವ್ ಆರಿಸ್ಕೊಂಡು ಹೋಗಿ ಉಪ್ಪಿನಕಾಯಿ ಹಾಕ್ತಿದ್ರಂತೆ. ಈಗ ಮಗಳು ಕಡೀತಾ ಕೂತಿದ್ದಾರೆ. ಅಮ್ಮನಿಗೆ ಗೊತ್ತಾದ್ರೆ ಬೈತಿದ್ಲು ಅಂತ ನಕ್ಕರು.

ಅಪ್ಪಯ್ಯ ನಮ್ಮೂರಲ್ಲಿ ನಿಮ್ಮ ಅಕೇಶಿಯಾ ಹಿಂಗೇ ಮಾಡಿದೆ ಅಂತ ಹೇಳು ಅಂದ್ರು. ಹೇಳಿದೆ. ಆಕೆ ಎದೆ ಮೇಲೆ ಕೈ ಇಟ್ಟು ಸಾರಿ ಅಂದ್ರು, ನಿಜವಾಗ್ಲೂ ತಾವೇ ನೆಟ್ಟಂಗೆ. ಆಮೇಲೆ ನಾವು ಕೋಲಾ ನೋಡಿದ್ದು ಹೇಳಿದ್ವಿ (ನಾನಲ್ಲ, ಅವರು). ಅದೂ ಈ ಬೆಟ್ಟದ್ದಲ್ಲ ಅಂದ್ರು! 1920ರ ದಶಕದಲ್ಲಿ ವಿಕ್ಟೋರಿಯಾ ಕಡೆಯಿಂದ 18 ಕೋಲಾ ತಂದು ಕಾಂಗರೂ ದ್ವೀಪದಲ್ಲಿ ಬಿಟ್ಟಿದ್ರು, ಅದರ ಸಂತಾನ ಆಮೇಲೆ ಇಲ್ಲಿಗೆ ಬಂತು, ಈಗ ಕೆಲವು ಕಡೆ ಮರ ಬೋಳಾಗೋವಷ್ಟು ಎಲೆ ತಿಂತವೆ. ಅದನ್ನೂ ಓಡಿಸ್ತೀರಾ ಅಂತ ಅಪ್ಪಯ್ಯ ಕೇಳಿದ್ರು. ಆಕೆ ಗರಗಸ ಅಲ್ಲಾಡಿಸಿ "ಅಷ್ಟು ಮುದ್ದಾಗಿರೋದನ್ನ ಮುಟ್ಟೋಕೆ ಯಾರು ಬಿಡ್ತಾರೆ" ಅಂದ್ರು.

ಅಪ್ಪಯ್ಯ ಅರ್ಧ ಗಂಟೆ ಅಲ್ಲೇ ಕೂತು ನಾಲ್ಕು ಗಿಡ ಕೊಯ್ದು ಕೊಟ್ರು. ಕೈಗೆ ಗವಸು ಹಾಕ್ಕೊಳ್ಳಿ ಅಂತ ಆಕೆ ಬಲವಂತ ಮಾಡಿ ತಮ್ಮದನ್ನೇ ಕೊಟ್ರು. ಮಂಡಿ ನೋವು ಆಗ ಎಲ್ಲಿ ಹೋಗಿತ್ತೋ. ಪುಟ್ಟಿಗೆ ಬೋರಾಗಿ ಚಪ್ಪಡಿ ಮೇಲೆ ಮಲಗಿದ್ದ ಒಂದು ದಪ್ಪ ಹಲ್ಲಿ ಹಿಂದೆ ಬಿದ್ಲು, ಸ್ಲೀಪಿ ಲಿಝರ್ಡ್ ಅಂತಾರೆ, ಹೆಸರಿಗೆ ತಕ್ಕಂಗೆ ಎದ್ದೇಳ್ಲಿಲ್ಲ. ಹಾವೂ ಬಿಸಿಲಿಗೆ ಬರೋ ಕಾಲ ಇದು, ಹುಲ್ಲಿಗೆ ಇಳೀಬೇಡ ಅಂತ ಅಕ್ಕ ಗದರಿಸ್ತಾನೇ ಇದ್ಲು.

ಸೋಮವಾರ ದಿನವಿಡೀ ಮಳೆ. ಮನೇಲೇ ಬಜ್ಜಿ.

ಮಂಗಳವಾರ, ಹ್ಯಾಲೆಟ್ ಕೋವ್

ಅಕ್ಕ ಭಾವ ಆಫೀಸು, ಪುಟ್ಟಿ ಸ್ಕೂಲು, ನಾನು ಅಪ್ಪಯ್ಯ ಇಬ್ರೇ. ಸಿಟಿಯಿಂದ ಸೀಫೋರ್ಡ್ ಕಡೆ ಹೋಗೋ ಟ್ರೈನ್ ಹತ್ತಿದ್ವಿ. ಒಂದು ಸ್ಟೇಷನ್ ಮೊದಲೇ ಇಳಿದುಬಿಟ್ವಿ, ಹ್ಯಾಲೆಟ್ ಕೋವ್ ಅಂತ ಒಂದು, ಹ್ಯಾಲೆಟ್ ಕೋವ್ ಬೀಚ್ ಅಂತ ಇನ್ನೊಂದು ಸ್ಟೇಷನ್ ಇದೆ, ಮನೆಗಳ ಮಧ್ಯೆ ದಾರಿ ಕೇಳ್ತಾ ಕೇಳ್ತಾ ಹೋದ್ವಿ. ನಾಯಿ ಕರ್ಕೊಂಡು ಹೋಗ್ತಿದ್ದ ಹುಡುಗಿ ಒಬ್ಳು ಗೇಟ್‌ವರೆಗೆ ಬಂದು ಬಿಟ್ಟು ಹೋದ್ಲು.

ಇಲ್ಲಿ ಮರ ಅಷ್ಟಿಲ್ಲ, ಸಮುದ್ರದ ಅಂಚಲ್ಲಿ ಹಲಗೆ ಹಾಸಿದ ದಾರಿ, ಕೆಲವು ಕಡೆ ಮೆಟ್ಟಿಲು. ಗಾಳಿ ಅಂದ್ರೆ ಗಾಳಿ. ಕೊಡೆ ಬಿಚ್ಚಿದ್ರೆ ಸೀದಾ ಸಮುದ್ರಕ್ಕೆ, ಹಾಗಾಗಿ ಇವತ್ತು ಅದು ಊರುಗೋಲು. ಕೆಳಗೆ ಕೆಂಪು ಮಣ್ಣಿನ ಗುಂಡಿ, ಅದರ ಮಧ್ಯೆ ಬಿಳಿ ಮಣ್ಣಿನ ಗುಡ್ಡೆ, ಶುಗರ್‌ಲೋಫ್ ಅಂತಾರೆ, ಥೇಟ್ ಬೆಲ್ಲದ ಅಚ್ಚು ಕವುಚಿದಂಗೆ.

ನೋಡಬೇಕಾಗಿದ್ದು ಅಂಚಿನ ಬಂಡೆ. ನುಣ್ಣಗೆ ಇದೆ, ಅದರ ಮೇಲೆ ಒಂದೇ ದಿಕ್ಕಿಗೆ ಗೀರು. ಸುಮಾರು 28 ಕೋಟಿ ವರ್ಷದ ಹಿಂದೆ ಇಲ್ಲಿ ಹಿಮನದಿ ಜಾರಿ ಹೋದಾಗ ಅದರ ತಳದಲ್ಲಿದ್ದ ಕಲ್ಲು ಕೆರೆದಿದ್ದು. ರಾಲ್ಫ್ ಟೇಟ್ ಅನ್ನೋ ಪ್ರೊಫೆಸರ್ 1870ರ ದಶಕದಲ್ಲಿ ಗುರುತಿಸಿದ್ದಂತೆ. ಅಪ್ಪಯ್ಯ ಬಗ್ಗಿ ನೋಡಿ "ನಮ್ಮ ಕೊಟ್ಟಿಗೆ ಬಾಗಿಲು ಜೋತು ಬಿದ್ದು ಸಿಮೆಂಟ್ ನೆಲಕ್ಕೆ ಗೀರು ಹಾಕಿದೆಯಲ್ಲ, ಹಂಗೇ" ಅಂದ್ರು. ಹಂಗೇ ಇತ್ತು.

ಆ ಕಾಲದಲ್ಲಿ ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ, ನಮ್ಮ ಭಾರತ ಎಲ್ಲ ಒಂದೇ ತುಂಡು, ಗೊಂಡ್ವಾನ ಅಂತ ಹೆಸರು, ನಮ್ಮ ಮಧ್ಯ ಭಾರತದ ಗೊಂಡರ ಸೀಮೆಯಿಂದ ಬಂದ ಹೆಸರು ಅಂತ ಹೇಳಿದೆ. ಅವರು ಸಮುದ್ರ ನೋಡ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು.

"ಹಂಗಾದ್ರೆ ಮಧ್ಯದಲ್ಲಿ ಬೇಲಿ ಇರ್ಲಿಲ್ಲ."

"ಇರ್ಲಿಲ್ಲ."

"ಆವಾಗ್ಲೇ ನೀಲಗಿರಿ ಬಂದುಬಿಟ್ಟಿದ್ರೆ ಇಷ್ಟೊತ್ತಿಗೆ ಹೊಂದ್ಕೊಂಡಿರ್ತಿತ್ತು."

ನೀಲಗಿರಿ ಅನ್ನೋ ಮರವೇ ಆಗ ಹುಟ್ಟಿರ್ಲಿಲ್ಲ ಅಂತ ಹೇಳೋಕೆ ಹೋಗ್ಲಿಲ್ಲ. ಫ್ಲಾಸ್ಕಲ್ಲಿದ್ದ ಕಷಾಯ ಕುಡಿದ್ವಿ, ಮುಚ್ಚಳ ಗಾಳಿಗೆ ಹಾರಿ ಕೆಳಗೆ ಹೋಯ್ತು, ಹಲಗೆ ಬಿಟ್ಟು ಇಳೀಬಾರದು ಅಂತ ಬೋರ್ಡಿದೆ, ಅಲ್ಲಿಗೆ ಬಿಟ್ವಿ, ಅಕ್ಕನ ಹತ್ರ ಬೈಸ್ಕೊಂಡ್ವಿ.

ಊರಿಗೆ ಬಂದು ನಾಲ್ಕು ತಿಂಗಳಾಯ್ತು. ಮೊನ್ನೆ ಹೋದಾಗ ನೋಡ್ತೀನಿ, ತೋಟಕ್ಕೆ ಇಳಿಯೋ ದಣಪೆ (ಬೇಲಿ ಬಾಗಿಲು) ಪಕ್ಕದ ಕಂಬಕ್ಕೆ ಸಣಬಿನ ಹಗ್ಗದಲ್ಲಿ ಬಟ್ಟೆ ಒಗೆಯೋ ಬ್ರಷ್ ನೇತಾಡ್ತಿದೆ, ಕೆಳಗೆ ಒಂದು ಬಕೆಟ್ ಸುಣ್ಣದ ನೀರು. ಕೊನೆ ಇಳಿಸೋಕೆ ಬಂದವರೆಲ್ಲ ಕಾಲು ತೊಳೆದೇ ಇಳೀಬೇಕಂತೆ. ನಾನು "ಅಪ್ಪಯ್ಯ, ನಮ್ಮ ಕೊಳೆ ಬರೋದು ಮಳೆ ಹನಿಯಿಂದ ಕೊನೆಗೆ, ಕಾಲಿಂದಲ್ಲ" ಅಂದೆ. "ಗೊತ್ತಿದೆ, ಉಜ್ಜು" ಅಂದ್ರು.